ಹಿಂದಿನ ಎಡಗಡೆ ಟೈರು

ಜೂನ್ 9, ಸೋಮವಾರ

ಬೆಳಿಗ್ಗೆ ಎಂಟು ಮೂವತ್ತೈದಕ್ಕೆ ನಾನು ಸತ್ತೆ. ಎಂಟು ನಲವತ್ತೈದಕ್ಕೆ ಮತ್ತೆ ಟಿಕೆಟ್ ಕೊಡುತ್ತಿದ್ದೆ. ನಡುವಿನ ಹತ್ತು ನಿಮಿಷದ ವಿಷಯ ಯಾರಿಗೂ ಹೇಳುವಂತಿಲ್ಲ. ಹಾಗಾಗಿ ಮಗಳು ಸಿರಿಯ ಕಳೆದ ವರ್ಷದ ಕೆಮಿಸ್ಟ್ರಿ ನೋಟ್ ಪುಸ್ತಕದಲ್ಲಿ ಉಳಿದ ಹಾಳೆಗಳಿಗೆ ಹೇಳುತ್ತಿದ್ದೇನೆ. ಮುಂದಿನ ಪುಟಗಳಲ್ಲಿ ಆಮ್ಲ, ಹಿಂದಿನ ಪುಟಗಳಲ್ಲಿ ನಾನು.

ಆದದ್ದು ಇಷ್ಟು. ಏಳು ನಲವತ್ತರ ಚನ್ನಪಟ್ಟಣ–ಕನಕಪುರ ಬಸ್ಸು. ನಾನು ಕಂಡಕ್ಟರ್ ಆಗಿ ಹತ್ತೊಂಬತ್ತು ವರ್ಷ, ಈ ಲೈನಿನಲ್ಲೇ ಆರು ವರ್ಷ. ರಾಮನಗರದಲ್ಲಿ ಜನ ತುಂಬಿಕೊಂಡರು. "ಬಾಗಿಲಲ್ಲಿ ನಿಲ್ಬೇಡಿ, ಬಾಯಿ ಮಾಡ್ಬೇಡಿ" ಎಂದು ನನ್ನ ಎಂದಿನ ಪ್ರಾಸ ಹಾಕುತ್ತಾ ಹಿಂದಿನಿಂದ ಮುಂದಕ್ಕೆ ತಳ್ಳಿಸಿಕೊಂಡು ಹೋಗುತ್ತಿದ್ದೆ. ಊರು ದಾಟಿ ಮಾವಿನ ತೋಪಿನ ತಿರುವು ಬಂತು. ಇದ್ದಕ್ಕಿದ್ದಂತೆ ಎದೆ ಡವಡವ, ಕೈ ಜುಮುಜುಮು, ಕಿವಿಯಲ್ಲಿ ಗುಂಯ್. ಬಸ್ಸಿನಲ್ಲಿದ್ದ ಗಾಳಿಯನ್ನೆಲ್ಲ ಮಿಕ್ಕ ಎಂಬತ್ತು ಜನ ಉಸಿರಾಡಿ ಮುಗಿಸಿದ್ದಾರೆ, ನನ್ನ ಪಾಲಿಗೆ ಏನೂ ಉಳಿದಿಲ್ಲ ಅನ್ನಿಸಿತು. ಕಳೆದ ತಿಂಗಳು ನಮ್ಮ ಡಿಪೋದ ಕೃಷ್ಣಪ್ಪ ಬಸ್ ಸ್ಟ್ಯಾಂಡಿನಲ್ಲಿ ಟೀ ಲೋಟ ಹಿಡಿದುಕೊಂಡೇ ಕುಸಿದುಹೋದ. ಅವನೂ ಕಂಡಕ್ಟರ್, ಅವನಿಗೂ ನಲವತ್ತೈದು. ಸರಿ, ಇದು ನನ್ನ ಸರದಿ ಅಂದುಕೊಂಡೆ.

ಬೇರೆಯವರಾಗಿದ್ದರೆ ಕಿಟಕಿ ತೆಗೆಯುತ್ತಿದ್ದರೋ, ದೇವರನ್ನು ಕರೆಯುತ್ತಿದ್ದರೋ. ನನ್ನ ಬಾಯಲ್ಲಿ ಸೀಟಿ ಇತ್ತು. ಊದಿದೆ. ಬಸ್ಸು ನಿಂತಿತು. ಜನರ ಕಣ್ಣು ತಪ್ಪಿಸಲು ಕೆಳಗಿಳಿದು ಹಿಂದಕ್ಕೆ ಹೋಗಿ ಎಡಗಡೆ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಡ್ರೈವರ್ ಗಂಗಯ್ಯ ಕಿಟಕಿಯಿಂದ ತಲೆ ಹಾಕಿದ.

"ಯಾಕ್ಲಾ ಕೆಂಪ, ಏನಾಯ್ತು?"

"ಟೈರು ಗಂಗಣ್ಣ... ಗಾಳಿ ಒಸಿ ಕಮ್ಮಿ ಇದ್ದಂಗೈತೆ."

ಗಂಗಣ್ಣ ಇಳಿದು ಬಂದು ಟೈರಿಗೆ ಕಬ್ಬಿಣದ ರಾಡಿನಿಂದ ಎರಡು ಬಾರಿಸಿದ. "ಕಲ್ಲಿದ್ದಂಗೈತೆ" ಅಂದ. ಆದರೂ ಸಂಜೆ ಡಿಪೋದಲ್ಲಿ ಲಾಗ್‌ಶೀಟಿನಲ್ಲಿ ಬರೆದ: ಹಿಂದಿನ ಎಡಗಡೆ ಟೈರು, ಗಾಳಿ ಸಂಶಯ.

ಅಷ್ಟರಲ್ಲಿ ನಾನು ಬದುಕಿದ್ದೆ.

ಜೂನ್ 10, ಮಂಗಳವಾರ

ಚನ್ನಪಟ್ಟಣದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಹೊಟ್ಟೆ ತಟ್ಟಿ "ಗ್ಯಾಸು" ಅಂದರು. ಹೆಂಡತಿ ಚಿಕ್ಕತಾಯಿ ಮನೆಯಿಂದ ಹುರುಳಿ, ಕಡಲೆ, ಆಲೂಗಡ್ಡೆ, ಮೂರನ್ನೂ ಗಡೀಪಾರು ಮಾಡಿದಳು. ಸಾಲದ್ದಕ್ಕೆ ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಘಾಟು ಬರಲಿಲ್ಲ. "ನೋಡಿದ್ರಾ, ಅಷ್ಟು ದೃಷ್ಟಿ ಆಗ್ಬುಟ್ಟೈತೆ" ಅಂದಳು. ನನ್ನ ಮುಖಕ್ಕೆ ದೃಷ್ಟಿ ಹಾಕಿದ ಪುಣ್ಯಾತ್ಮರು ಯಾರೆಂದು ಯೋಚಿಸುತ್ತಾ ಮಲಗಿದೆ.

ಜೂನ್ 14, ಶನಿವಾರ

ಮತ್ತೆ ಬಂತು. ಅದೇ ತಿರುವು, ಅದೇ ತೋಪು. ಸೀಟಿ, ಟೈರು, ಐದು ನಿಮಿಷ. ಗ್ಯಾಸಾಗಿದ್ದರೆ ಜಾಗ ನೋಡಿಕೊಂಡು ಬರುತ್ತಿರಲಿಲ್ಲ.

ಜೂನ್ 19, ಗುರುವಾರ

ರಾಮನಗರದಲ್ಲಿ ಇಸಿಜಿ ಮಾಡಿಸಿದೆ. ಎದೆಗೆ ತಣ್ಣನೆಯ ಲೋಳೆ ಸವರಿ ಬಟ್ಟಲು ಅಂಟಿಸಿದರು. ಕಾಗದದ ಮೇಲೆ ಗೀಟು ಬಂತು, ಡಾಕ್ಟರು ನೋಡಿ "ನಾರ್ಮಲ್" ಅಂದರು. ನನಗೆ ಬೇಜಾರಾಯಿತು. ಇಷ್ಟು ಕಷ್ಟಪಟ್ಟು ಸತ್ತವನಿಗೆ ನಾರ್ಮಲ್ ಅಂದರೆ ಅವಮಾನ. ಬರುತ್ತಾ ಬೆರಳಿಗೆ ಹಾಕಿಕೊಂಡು ನಾಡಿ ನೋಡುವ ಕ್ಲಿಪ್ಪು ಕೊಂಡುಕೊಂಡೆ.

ನಾಡಿ: 88. ಊಟದ ಮೇಲೆ 94. ಈ ಸಾಲು ಬರೆಯುವಾಗ 97.

ಜೂನ್ 26, ಗುರುವಾರ

ನಾಡಿ: ಬೆಳಿಗ್ಗೆ 90, ರಾಮನಗರದಲ್ಲಿ 112, ತೋಪಿನಲ್ಲಿ 131, ಟೈರಿನ ಮುಂದೆ 104.

ಈಗ ವಾರಕ್ಕೆ ಐದು ದಿನವೂ ನಿಲ್ಲಿಸುತ್ತಿದ್ದೇನೆ. ಇವತ್ತು ಆ ತಿರುವಿನಲ್ಲಿ ಬಸ್ಸು ನಿಂತಾಗ ಒಬ್ಬ ಅಜ್ಜಿ ಸೊಪ್ಪಿನ ಗಂಟಿನ ಸಮೇತ ಹತ್ತಿದರು.

"ಇಲ್ಲಿ ಸ್ಟಾಪಿಲ್ಲ ಕಣಜ್ಜಿ" ಅಂದೆ.

"ಯಾವಾಗ್ಲೂ ನಿಲ್ಸ್ತೀಯಲ್ಲಪ್ಪ, ಅದ್ಕೇ ಇಲ್ಲೇ ಕುಂತಿದ್ದೆ" ಅಂದರು. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದು ಸುಖವಾಗಿ ಕೂತರು.

ಗಂಗಣ್ಣನಿಗೆ ಅನುಮಾನ ಬಂದಿದೆ. ಕನಕಪುರದಲ್ಲಿ ಟೀ ಕುಡಿಯುವಾಗ ಕೇಳಿದ. "ಲೇ ಕೆಂಪ, ಟೈರಿಗೇನೂ ಆಗಿಲ್ಲ. ನಿಂಗೆ ಸಕ್ಕರೆ ಕಾಯ್ಲೆನಾ? ಒಂದಕ್ಕೆ ಅವಸರ ಆಯ್ತದಾ? ಹೇಳ್ಬುಡು, ನಂಗೂ ಐತೆ."

"ಥೂ, ಇಲ್ಲ ಗಂಗಣ್ಣ."

"ಮತ್ಯಾಕ್ಲಾ ದಿನಾ ಆ ಟೈರ್ ಮುಂದೆ ಪೂಜೆಗೆ ಕೂತ್ಕಂತೀಯ?"

ಬಿ.ಎ. ಓದುವಾಗ ಆದಿಪ್ರಾಸ, ಅಂತ್ಯಪ್ರಾಸ ಹೇಳಿಕೊಟ್ಟರು. ಈ ಆಯಾಸಕ್ಕೆ ಏನೂ ಹೇಳಿಕೊಡಲಿಲ್ಲ. ಗಂಗಣ್ಣ ಒಳ್ಳೆಯವನು. ಬೈದುಕೊಂಡೇ ಲಾಗ್‌ಶೀಟಿನಲ್ಲಿ ಮತ್ತೆ ಟೈರಿನ ಹೆಸರು ಬರೆದ.

ಜೂನ್ 28, ಶನಿವಾರ

ಡಿಪೋ ಒಳಗಡೆ ಟೇಬಲ್ ಕೆಲಸ ಕೊಡಿ ಎಂದು ಅರ್ಜಿ ಬರೆದೆ. ಕಾರಣ ಎಂಬ ಜಾಗದಲ್ಲಿ "ಮಂಡಿನೋವು" ಎಂದು ಹಾಕಿದೆ. ಲೈನಿಲ್ಲದ ಕಂಡಕ್ಟರು ಅಂದರೆ ಒಗ್ಗರಣೆ ಇಲ್ಲದ ಸಾರು. ಆದರೆ ಟೇಬಲ್ಲಿಗೆ ತಿರುವಿಲ್ಲ, ತೋಪಿಲ್ಲ.

ನಾಡಿ: 92.

ಜುಲೈ 3, ಗುರುವಾರ

ನಾಡಿ: 89, 118, 134.

ಸಿಕ್ಕಿಬಿದ್ದೆ.

ಚನ್ನಪಟ್ಟಣದಲ್ಲಿ ಹತ್ತಿ ಕನಕಪುರದಲ್ಲಿ ಇಳಿಯುವ ನರ್ಸಮ್ಮ ಒಬ್ಬರಿದ್ದಾರೆ, ಹಾಜಿರಾ ಸಿಸ್ಟರ್. ಹಿಂದಿನ ಬಾಗಿಲ ಪಕ್ಕದ ಸೀಟು, ಮಡಿಲಲ್ಲಿ ಟಿಫನ್ ಕ್ಯಾರಿಯರ್. ನನ್ನ ಪ್ರಾಸಗಳಿಗೆ ಇಡೀ ಬಸ್ಸಿನಲ್ಲಿ ನಗದಿರುವವರು ಅವರೊಬ್ಬರೇ. ಇವತ್ತು ನಾನು ಟೈರಿನ ಮುಂದೆ ಕೂತಿದ್ದಾಗ ಅವರೂ ಇಳಿದು ಬಂದರು. ಹತ್ತಿರ ಬರಲಿಲ್ಲ, ಎರಡು ಮಾರು ದೂರದಲ್ಲಿ ನಿಂತರು.

"ಟೈರಿಗೆ ಗಾಳಿ ಸರಿಯಾಗೈತೆ ಅಣ್ಣ. ನಿಮಗೇ ಸಾಲ್ತಾ ಇಲ್ಲ."

ಟೈರನ್ನೇ ಹಿಡಿದುಕೊಂಡೆ. ಮಾತಾಡಲು ಉಸಿರಿರಲಿಲ್ಲ.

"ಎದೆ ಹೊಡ್ಕಂತೈತಾ? ಕೈ ಜುಮ್ ಅಂತೈತಾ? ಸತ್ತೋಯ್ತೀನಿ ಅನ್ಸ್ತೈತಾ?" ಮಾರ್ಕೆಟ್ಟಿನಲ್ಲಿ ಬದನೆಕಾಯಿ ಎಳೆಯದಾ ಬಲಿತದ್ದಾ ಎಂದು ಕೇಳುವ ಹಾಗೆ ಕೇಳಿದರು. ಮೂರಕ್ಕೂ ತಲೆಯಾಡಿಸಿದೆ.

"ಸರಿ. ನಾನು ಇಲ್ಲೇ ಇದೀನಿ. ಉಸಿರು ಎಳ್ಕೊಳೋಕೆ ಹೋಗ್ಬೇಡಿ, ಬಿಡೋದು ನೋಡಿ. ಬಿಸಿ ಕಾಫಿ ಆರಿಸ್ದಂಗೆ. ಇನ್ನೂ ನಿಧಾನ."

ನಾಲ್ಕೈದು ಕಾಫಿ ಆರಿಸಿದೆ. ಸ್ವಲ್ಪ ಹಗುರಾಯಿತು. ಬಸ್ಸಿನೊಳಗಿಂದ ಯಾರೋ "ನರ್ಸಮ್ಮಂಗೂ ಟೈರ್ ರಿಪೇರಿ ಬತ್ತದೇನೋ" ಅಂದರು. ಎಲ್ಲರೂ ನಕ್ಕರು. ಸಿಸ್ಟರ್ ತಿರುಗಿಯೂ ನೋಡಲಿಲ್ಲ.

"ಹಾರ್ಟ್ ಸಿಸ್ಟರ್. ಎಲ್ರೂ ಏನೂ ಇಲ್ಲ ಅಂತಾರೆ" ಅಂದೆ.

"ಏನೂ ಇಲ್ಲ ಅಂತ ನಾನು ಹೇಳಲ್ಲ. ಐತೆ. ಹಾರ್ಟಲ್ಲಿಲ್ಲ ಅಷ್ಟೇ. ಮಂಗಳವಾರ ನಮ್ಮ ಆಸ್ಪತ್ರೆಗೆ ಮನಸ್ಸಿನ ಡಾಕ್ಟ್ರು ಬರ್ತಾರೆ, ಇಸಿಜಿ ತಗೊಂಡು ಬನ್ನಿ."

"ನಾನೇನು ಹುಚ್ಚನಾ?"

"ಹುಚ್ಚರು ಟೈರಿನ ನೆಪ ಹೇಳಲ್ಲ ಅಣ್ಣ. ಹತ್ತಿ, ನಂಗೆ ಡ್ಯೂಟಿಗೆ ಲೇಟಾಯ್ತದೆ."

ಜುಲೈ 8, ಮಂಗಳವಾರ

ರಜೆ ಹಾಕಿ ಸಿಸ್ಟರ್ ಹೇಳಿದ ಕನಕಪುರದ ಆಸ್ಪತ್ರೆಗೆ ಹೋದೆ. ಬೇರೆ ಬಸ್ಸಿನಲ್ಲಿ, ಬಾಗಿಲ ಪಕ್ಕ ಕೂತು. ಆ ಬಸ್ಸಿನ ಕಂಡಕ್ಟರ್ ತೋಪಿನಲ್ಲಿ ನಿಲ್ಲಿಸಲಿಲ್ಲ, ಎಂಥ ಕಲ್ಲೆದೆಯವನು.

ಮನಸ್ಸಿನ ಡಾಕ್ಟರು ಇಸಿಜಿ ನೋಡಿದರು, ಥೈರಾಯ್ಡಿಗೆ ರಕ್ತಪರೀಕ್ಷೆ ಬರೆದುಕೊಟ್ಟರು, ಅರ್ಧ ಗಂಟೆ ಕೂರಿಸಿಕೊಂಡು ಕೇಳಿದರು. ಅರ್ಧ ಗಂಟೆ! ನಲವತ್ತೈದು ವರ್ಷದಲ್ಲಿ ನನ್ನ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿಲ್ಲ, ಅದೂ ಪ್ರಾಸವಿಲ್ಲದೆ. ಇದು ಗಾಬರಿಯ ಕಾಯಿಲೆ ಅಂದರು. ಕೃಷ್ಣಪ್ಪ ಹೋದದ್ದನ್ನು ಮೈ ಇನ್ನೂ ಮರೆತಿಲ್ಲವಂತೆ. ಬೆಂಕಿಯಿಲ್ಲದೆಯೂ ಬೆಂಕಿಯ ಗಂಟೆ ಹೊಡೆಯುತ್ತಿದೆಯಂತೆ. ಒಂದು ಮಾತ್ರೆ ಬರೆದರು.

ಆಮೇಲೆ ಹಾಜಿರಾ ಸಿಸ್ಟರ್ ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡರು. ಮಾತ್ರೆ ದಿನಾ ತಿನ್ನಬೇಕು, ಕೆಲಸ ತೋರಿಸಲು ಮೂರು ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು, ಚೆನ್ನಾಗಾಯಿತೆಂದು ನಾನೇ ನಿಲ್ಲಿಸಬಾರದು. ದಿನಕ್ಕೆ ಆರು ಟೀ ಎರಡಾಗಬೇಕು. ಇಷ್ಟೂ ಹೇಳಿ, ಬರೆದುಕೊಟ್ಟು, ನನ್ನ ಬಾಯಲ್ಲೇ ಮತ್ತೆ ಹೇಳಿಸಿದರು. ಆಮೇಲೆ ಕೈ ಚಾಚಿದರು.

"ಆ ಕ್ಲಿಪ್ಪು ಕೊಡಿ ಇಲ್ಲಿ."

"ಯಾವ ಕ್ಲಿಪ್ಪು?"

"ಜೇಬಲ್ಲಿರೋದು. ಇಲ್ಲಿ ಕೂತಾಗಿನಿಂದ ನಾಲ್ಕು ಸಲ ಮುಟ್ಕೊಂಡ್ರಿ."

ಕೊಟ್ಟೆ. ಕಿತ್ತುಕೊಳ್ಳಲಿಲ್ಲ, ಒಂದು ಕವರಿಗೆ ಹಾಕಿ ನನ್ನ ಹೆಸರು ಬರೆದು ಬೀರುವಿನಲ್ಲಿಟ್ಟರು. "ಬೇಕಾದಾಗ ಕೇಳಿ, ಕೊಡ್ತೀನಿ. ಈಗ ಸೀಟಿ ವಿಷಯ. ಊದಿ ಇಳಿದ ತಕ್ಷಣ ಹಗುರಾಗುತ್ತೆ ಅಲ್ವಾ? ಅದರಿಂದ ನಿಮ್ಮ ತಲೆ ಏನು ಕಲೀತು? ಸೀಟಿಯಿಂದ ಬದುಕಿದೆ ಅಂತ ಕಲೀತು. ನಾಳೆ ಅದೇ ಜಾಗ ಬಂದ್ರೆ ಮತ್ತೆ ಸೀಟಿ ಕೇಳುತ್ತೆ."

"ಊದದಿದ್ರೆ?"

"ಜಾಸ್ತಿ ಆಗುತ್ತೆ. ಆಮೇಲೆ ತಾನೇ ಇಳಿಯುತ್ತೆ. ಹತ್ತು ನಿಮಿಷ, ಹೆಚ್ಚಂದ್ರೆ ಇಪ್ಪತ್ತು. ಅದೂ ಒಬ್ಬ ಪ್ಯಾಸೆಂಜರ್ ಅಂದ್ಕೊಳ್ಳಿ. ಹತ್ತಿದೆ, ಅದರ ಸ್ಟಾಪ್ ಬಂದಾಗ ಇಳಿಯುತ್ತೆ. ನೀವು ಕುತ್ತಿಗೆ ಹಿಡಿದು ಇಳಿಸೋಕೆ ಹೋಗ್ಬೇಡಿ."

"ಅದಕ್ಕೂ ಟಿಕೆಟ್ ಕೊಡ್ಬೇಕಾ?"

"ಕೊಡಿ. ಶೂನ್ಯ ಟಿಕೆಟ್."

ನಗದೆ ಹೇಳಿದರು. ನನ್ನ ಪ್ರಾಸಕ್ಕೆ ನಗದವರು ಇಷ್ಟು ಚೆನ್ನಾಗಿ ಮಾತಾಡಬಾರದು.

ಗಂಗಣ್ಣನಿಗೆ ಹೇಳುತ್ತೀರಾ ಎಂದು ಹೆದರಿ ಕೇಳಿದೆ. "ಅದು ನಿಮ್ಮ ಮಾತು, ನೀವೇ ಹೇಳಬೇಕು" ಅಂದರು.

ಚಿಕ್ಕತಾಯಿಗೆ ಮಾತ್ರ ಹೇಳಿದೆ. ಎಲ್ಲ ಕೇಳಿ "ಅಷ್ಟೇನಾ? ನಾನು ಇನ್ನೇನೋ ಅಂದ್ಕೊಂಡಿದ್ದೆ" ಅಂದಳು. ಇನ್ನೇನು ಎಂದು ಕೇಳುವ ಧೈರ್ಯ ಬರಲಿಲ್ಲ. ಹುರುಳಿ ವಾಪಸ್ಸು ಬಂದಿದೆ.

ಜುಲೈ 10, ಗುರುವಾರ

ಊದಿದೆ. ಆದರೆ ಮೊದಲು ಇಪ್ಪತ್ತರವರೆಗೆ ಎಣಿಸಿ ಊದಿದೆ. ಸಿಸ್ಟರ್ ಇಳಿಯುವಾಗ ಹೇಳಿದ್ದಕ್ಕೆ "ಇಪ್ಪತ್ತಾ? ಪರವಾಗಿಲ್ವೇ" ಅಂದರು. ಎಂಟನೇ ಕ್ಲಾಸಿನ ಕನ್ನಡ ಮೇಷ್ಟ್ರು ನೆನಪಾದರು.

ಜುಲೈ 11

ಹೊಟ್ಟೆ ತೊಳಸು. ಊದಿದೆ.

ಜುಲೈ 14

ಊದಿದೆ. ತೋಪು ದಾಟಿದ ಮೇಲೆ.

ಜುಲೈ 18, ಶುಕ್ರವಾರ

ಇವತ್ತು ತೋಪಿನಲ್ಲಿ ಬಂದಾಗ, ಸಿಸ್ಟರ್ ಹೇಳಿಕೊಟ್ಟ ಹಾಗೆ, ಕಣ್ಣಿಗೆ ಕಂಡದ್ದನ್ನು ಒಂದೊಂದಾಗಿ ಹೆಸರು ಹಿಡಿದು ನೋಡಿದೆ. ಒಂದು: ಗೂಡಿನ ಚೀಲ ಅಪ್ಪಿಕೊಂಡು ನಿದ್ದೆ ಹೊಡೆಯುತ್ತಿರುವ ರೇಷ್ಮೆ ರೈತ. ಎರಡು: ಕಾಲೇಜು ಹುಡುಗಿಯ ಬ್ಯಾಗಿನಲ್ಲಿ ನೇತಾಡುವ ಚನ್ನಪಟ್ಟಣದ ಮರದ ಗಿಣಿ. ಮೂರು: ಗಂಗಣ್ಣನ ಬೋಳುತಲೆ. ನಾಲ್ಕನೆಯದಕ್ಕೆ ಮತ್ತೆ ಗಂಗಣ್ಣನ ಬೋಳುತಲೆ, ಬೇರೇನೂ ಸಿಗಲಿಲ್ಲ. ಮುಂದಿನ ಊರಿನ ಸ್ಟಾಪು ಬಂತು. ಇಬ್ಬರು ಇಳಿದರು, ಏಳು ಜನ ಹತ್ತಿದರು. ಜಗಳ ಶುರುವಾಯಿತು. ಬಿಡಿಸುವುದರಲ್ಲಿ ನಾನು ಸಾಯುತ್ತಿದ್ದೇನೆ ಎಂಬುದು ಮರೆತುಹೋಯಿತು.

ಆಮೇಲೆ ಒಂದು ಸಲ ಊದಿದೆ, ಸುಳ್ಳು ಯಾಕೆ. ಸುಮಾರು ಒಂದು ನಿಮಿಷ ನಿಂತೆವು.

ಸೊಪ್ಪಿನ ಅಜ್ಜಿ ತೋಪಿನಲ್ಲಿ ಕೈ ಅಡ್ಡ ಹಾಕಿ ನಿಂತಿದ್ದರು. ನಿಲ್ಲಿಸದೆ ಹೋದದ್ದಕ್ಕೆ ನನ್ನ ವಂಶವನ್ನೇ ಬೈದದ್ದು ಕಿಟಕಿಯಿಂದ ಕೇಳಿಸಿತು.

ಜುಲೈ 23, ಬುಧವಾರ

ನಿಂತು ಐದು ದಿನವಾಯಿತು. ಅಂದರೆ ಬಸ್ಸು ನಿಲ್ಲದೆ ಐದು ದಿನವಾಯಿತು. ಈ ಖುಷಿಗೆ ಡಿಪೋ ಗೇಟಿನಲ್ಲೇ ಕಲ್ಲು ಬಿತ್ತು.

ಗಂಗಣ್ಣ ಕಾಯುತ್ತಿದ್ದ. "ಲೇ, ಮತೀನಂಗೆ ನೋಟಿಸ್ ಕೊಟ್ಟವ್ರೆ ಕಣ್ಲಾ."

ಮತೀನ್ ನಮ್ಮ ಬಸ್ಸಿನ ಮೆಕ್ಯಾನಿಕ್. ನನಗಿಂತ ಐದಾರು ವರ್ಷ ಚಿಕ್ಕವನು, ಚನ್ನಪಟ್ಟಣದವನೇ. ಹೆಂಡತಿ ಮುನವ್ವರಾಗೆ ಈಗ ಏಳು ತಿಂಗಳು. ಒಂದೇ ಬಸ್ಸಿನ ಒಂದೇ ಟೈರಿನ ಮೇಲೆ ನಲವತ್ತು ದಿನದಲ್ಲಿ ಇಪ್ಪತ್ತೇಳು ದೂರು ಬಂದಿದೆ. ಆದರೂ ಟೈರು ಸರಿಪಡಿಸಿಲ್ಲ, ಕೆಲಸದಲ್ಲಿ ಅಸಡ್ಡೆ ಎಂದು ನೋಟಿಸು. ಉತ್ತರ ಸರಿಯಿಲ್ಲದಿದ್ದರೆ ಮಾಗಡಿ ಕಡೆಗೆ ಎತ್ತಂಗಡಿ.

"ಇಪ್ಪತ್ತೇಳು ಸಲಾನೂ ಬಿಚ್ಚಿ ನೋಡವ್ನೆ ಪಾಪ" ಅಂದ ಗಂಗಣ್ಣ. "ಬರ್ದಿದ್ದು ನನ್ ಕೈ. ಬರ್ಸಿದ್ದು ನಿನ್ ಬಾಯಿ. ಈಗ ಏನ್ ಮಾಡ್ತೀಯ ಹೇಳು."

ಜುಲೈ 24

ಏನೂ ಮಾಡಲಿಲ್ಲ.

ಜುಲೈ 25, ಶುಕ್ರವಾರ

ಡಿಪೋದಲ್ಲಿ ಮತೀನ್ ಎದುರಿಗೆ ಬಂದ. ನಾನು ಶೌಚಾಲಯಕ್ಕೆ ತಿರುಗಿದೆ. ಕಿಂಡಿಯಿಂದ ನೋಡಿದರೆ ಅವನು ನಮ್ಮ ಬಸ್ಸಿನ ಹಿಂದೆ ಕೂತು ಆ ಟೈರಿನ ಮೇಲೆ ಕಿವಿ ಇಟ್ಟು ಆಲಿಸುತ್ತಿದ್ದ. ಏನೂ ಆಗದ ಟೈರು ಏನು ಹೇಳೀತು? ಎದ್ದು ಹೋದ, ಮತ್ತೆ ವಾಪಸ್ ಬಂದು ಕಿವಿ ಇಟ್ಟ. ಮತ್ತೆ ಹೋದ. ಮತ್ತೆ ಬಂದ.

ಆ ಓಡಾಟ ನನಗೆ ಚೆನ್ನಾಗಿ ಗೊತ್ತಿರುವ ಓಡಾಟ. ಬೆರಳಿಗೆ ಕ್ಲಿಪ್ಪಿಲ್ಲ ಅಷ್ಟೇ.

ಜುಲೈ 29, ಮಂಗಳವಾರ

ಕನಕಪುರದ ಆಸ್ಪತ್ರೆ. ಸಿಸ್ಟರಿಗೆ ಎಲ್ಲ ಹೇಳಿದೆ. ಮತೀನನ ವಿಷಯವನ್ನೂ ಹೇಳಿದೆ. ನಿಜ ಹೇಳಿ ಎಂದು ಬುದ್ಧಿ ಹೇಳುತ್ತಾರೆ, ಆಗ ಜಗಳ ತೆಗೆಯಬಹುದು ಎಂದುಕೊಂಡು ಹೋಗಿದ್ದೆ. ಅವರು ಹೇಳಲಿಲ್ಲ.

"ಹೇಳಿದ್ರೆ ಏನಾಗುತ್ತೆ ಅಂತ ಭಯ?"

"ಎಲ್ರೂ ನಗ್ತಾರೆ. ಲೈನಿಂದ ತೆಗೀತಾರೆ. ತಲೆ ಕೆಟ್ಟೋನು ಅಂತಾರೆ."

"ಆಗಬಹುದು" ಅಂದರು. ಆಗಲ್ಲ ಅನ್ನಬಾರದಾ ಈ ಹೆಂಗಸು? "ಹೇಳದಿದ್ರೆ?"

ಟೈರಿಗೆ ಕಿವಿ ಕೊಟ್ಟು ಕೂತ ಮತೀನ್ ಕಣ್ಣಮುಂದೆ ಬಂದ.

"ನಾನು ಮಾತ್ರೆ ಬಗ್ಗೆ ಹೇಳಬಲ್ಲೆ, ಉಸಿರಿನ ಬಗ್ಗೆ ಹೇಳಬಲ್ಲೆ. ಇದು ನಿಮ್ಮದು. ನಿಮಗೆ ಕಾಯಿಲೆ ಐತೆ, ಚಿಕಿತ್ಸೆ ನಡೀತಾ ಐತೆ, ಡ್ಯೂಟಿ ಮಾಡಬಹುದು ಅಂತ ಡಾಕ್ಟ್ರು ಚೀಟಿ ಬೇಕಿದ್ರೆ ಕೊಡಿಸ್ತೀನಿ. ಬೇಕಾ?"

ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೂ ಅವರು ಅವಸರ ಮಾಡಲಿಲ್ಲ. ಬೇಕು ಅಂದೆ.

ಜುಲೈ 30, ಬುಧವಾರ

ವಿವರಣೆ ಬರೆದೆ. ಮೊದಲ ಕರಡು: "ಟೈರಿನದಲ್ಲ ದೋಷ, ನನ್ನದು ಈ ಆವೇಶ, ಮತೀನನ ಮೇಲೇಕೆ ರೋಷ, ನನಗೇ ಕೊಡಿ ಆದೇಶ." ಚಿಕ್ಕತಾಯಿ ಓದಿ "ಇದನ್ನ ಕೊಟ್ರೆ ನಿಜವಾಗ್ಲೂ ತಲೆ ಕೆಟ್ಟೈತೆ ಅಂದ್ಕೊಂತಾರೆ" ಅಂದಳು. ಎರಡನೆಯದು:

"ಜೂನ್ 9ರಿಂದ ಜುಲೈ 18ರವರೆಗೆ ನಿಗದಿಯಿಲ್ಲದ ಜಾಗದಲ್ಲಿ ಇಪ್ಪತ್ತೇಳು ಸಲ ವಾಹನ ನಿಲ್ಲಿಸಿದ್ದು ನಾನು. ಟೈರಿನಲ್ಲಿ ದೋಷ ಇರಲಿಲ್ಲ. ನನಗೆ ಗಾಬರಿಯ ಕಾಯಿಲೆ ಇದೆ, ಚಿಕಿತ್ಸೆ ಪಡೆಯುತ್ತಿದ್ದೇನೆ, ಚೀಟಿ ಲಗತ್ತಿಸಿದೆ. ನಾಚಿಕೆಯಿಂದ ಟೈರಿನ ಹೆಸರು ಹೇಳಿದೆ. ಮೆಕ್ಯಾನಿಕ್ ಮತೀನ್ ಅವರ ತಪ್ಪಿಲ್ಲ."

ಪ್ರಾಸವಿಲ್ಲದ್ದು ಬರೆಯುವುದು ಎಷ್ಟು ಕಷ್ಟ.

ಬೆಳಿಗ್ಗೆ ಹೋಗುವ ದಾರಿಯಲ್ಲೇ ಗಂಗಣ್ಣನಿಗೆ ಹೇಳಿಬಿಟ್ಟೆ. ಅವನು ಗೇರು ಬದಲಿಸುತ್ತಾ "ನಮ್ ಚಿಕ್ಕಪ್ಪಂಗೂ ಹಿಂಗೇ ಆಯ್ತಿತ್ತು. ನಾವು ದೆವ್ವ ಅಂತ ಬೇವಿನ ಸೊಪ್ಪಲ್ಲಿ ಬಾರ್ಸಿದ್ವಿ" ಅಂದ.

ಜುಲೈ 31, ಗುರುವಾರ

ಮ್ಯಾನೇಜರ್ ಕೋಣೆಯಲ್ಲಿ ನಲವತ್ತು ನಿಮಿಷ. ಬಾಗಿಲು ಮುಚ್ಚಿಸಿದರು, ಎಸಿ ಹಾಕಿದರೆ ತಣ್ಣಗಿನ ಗಾಳಿ ಹೊರಗೆ ಹೋಗುತ್ತದಂತೆ. ನನ್ನ ಕುರ್ಚಿ ಗೋಡೆಯ ಕಡೆ. ಅವರು ಕಾಗದವನ್ನು ಎರಡು ಸಲ ಓದಿದರು.

"ಟೈರಿಗೆ ಏನೂ ಆಗಿರಲಿಲ್ವೇನ್ರೀ?"

"ಇಲ್ಲ ಸಾರ್. ನನಗೆ ಆಗಿತ್ತು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬಯ್ಯಲು ಶುರು ಮಾಡಿದರು. ಸುಳ್ಳು ಬರೆಸಿದ್ದಕ್ಕೆ ಬೈದರು, ಬರೆದ ಗಂಗಣ್ಣನನ್ನು ಅವನಿಲ್ಲದೆಯೇ ಬೈದರು. ಬೈಗುಳ ನ್ಯಾಯವಾಗಿಯೇ ಇತ್ತು. ಬೈಯುವಾಗ ಅವರ ಮೇಜಿನ ಮೇಲಿನ ಗಾಜಿನಡಿಯಲ್ಲಿ ಹಳೆಯ ಕ್ಯಾಲೆಂಡರಿನ ಗಣಪತಿ ಇತ್ತು, ಒಂದು ಕಿವಿ ತೇವಕ್ಕೆ ಬೆಳ್ಳಗಾಗಿತ್ತು. ಅದನ್ನು ಬದಲಾಯಿಸಬಹುದಲ್ಲ ಎಂದು ಯೋಚಿಸುತ್ತಿದ್ದೆ.

ನನಗೂ ಗಂಗಣ್ಣನಿಗೂ ಎಚ್ಚರಿಕೆ ಪತ್ರ. ಮತೀನನ ನೋಟಿಸ್ ವಾಪಸ್.

"ನಿಮ್ಮದೊಂದು ಅರ್ಜಿ ಐತಲ್ಲ, ಮಂಡಿನೋವು ಅಂತ" ಅಂದರು. "ಟೇಬಲ್ ಕೆಲಸ ಖಾಲಿ ಐತೆ. ಬರ್ತೀರಾ? ಲೈನ್ ಮೇಲೆ ಇದ್ರೆ ಇನ್ನೊಂದು ಸಲ ಹಿಂಗೆ ನಿಂತ್ರೂ ನಾನು ಸುಮ್ನಿರಲ್ಲ. ತೆಗೆದೇ ತೆಗೀತೀನಿ."

"ಲೈನೇ ಇರ್ಲಿ ಸಾರ್. ಮಂಡಿ ಈಗ ಪರವಾಗಿಲ್ಲ."

ಟೀ ತರಿಸಿದರು, ತಣ್ಣಗಿತ್ತು. ದಿನದ ಎರಡರಲ್ಲಿ ಒಂದು ಹೀಗೆ ಹಾಳಾಯಿತು.

ಆಗಸ್ಟ್ 1, ಶುಕ್ರವಾರ

ಮತೀನ್ ಸಿಕ್ಕಿದ. ಈ ಸಲ ಶೌಚಾಲಯ ದೂರ ಇತ್ತು.

ಅವನಿಗೆ ಆಗಲೇ ಎಲ್ಲ ಗೊತ್ತಾಗಿತ್ತು, ಡಿಪೋದಲ್ಲಿ ಗುಟ್ಟು ಉಳಿಯುವುದು ಡೀಸೆಲ್ ಟ್ಯಾಂಕಿನ ತಳದಲ್ಲಿ ಮಾತ್ರ. ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಬಂದ.

"ಇಪ್ಪತ್ತೇಳು ಸಲ ಅಣ್ಣ! ಟ್ಯೂಬ್ ತೆಗೆದು ನೀರಲ್ಲಿ ಮುಳುಗ್ಸಿ ಗುಳ್ಳೆ ಹುಡುಕಿದೀನಿ. ಗುಳ್ಳೇನೇ ಇಲ್ಲ! ನನ್ ಕಣ್ಣೇ ಹೋಯ್ತೇನೋ ಅಂತ ಕಣ್ಣಾಸ್ಪತ್ರೆಗೆ ಹೋಗಿದ್ದೆ. ಮುನವ್ವರಾ ಏನಂತಾಳೆ ಗೊತ್ತಾ? ಮಗು ಹುಟ್ಟಿದ್ರೆ ಟೈರ್ ಅಂತಾನೇ ಹೆಸರಿಡಿ ಅಂತಾಳೆ."

"ತಪ್ಪಾಯ್ತು ಮತೀನ್."

"ತಪ್ಪಾಯ್ತಂತೆ! ನಂಗೆ ಈಗ ಯಾವ ಟೈರ್ ನೋಡಿದ್ರೂ ನಂಬಿಕೆ ಬರಲ್ಲ. ಮೂರ್ ಮೂರ್ ಸಲ ಬೋಲ್ಟ್ ಬಿಗೀತೀನಿ. ಮನೇಗೋಗಿ ಊಟಕ್ಕೆ ಕೂತ್ರೆ, ಬಿಗಿದ್ನಾ ಇಲ್ವಾ ಅಂತ ಮತ್ತೆ ಡಿಪೋಗೆ ಬತ್ತೀನಿ."

ಇದಕ್ಕೆ ತಪ್ಪಾಯ್ತು ಅನ್ನುವುದು ಸಾಲದು. ಅಲ್ಲೇ ಹಳೆ ಟೈರಿನ ಮೇಲೆ ಕೂತೆ. ಅವನೂ ಕೂತ. ಏನೂ ಆಗಿಲ್ಲ ಬಿಡು ಎಂದು ಹೇಳಲು ಬಾಯಿ ತೆರೆದೆ, ಹೇಳಲಿಲ್ಲ. ಮೊದಲು ಎಷ್ಟು ಸಲ ಬಿಗಿಯುತ್ತಿದ್ದೆ ಎಂದು ಕೇಳಿದೆ. ಒಂದು ಸಲ ಅಂದ. ವಾಪಸ್ ಬಂದು ನೋಡಿದಾಗ ಎಷ್ಟು ಹೊತ್ತು ಸಮಾಧಾನ ಎಂದು ಕೇಳಿದೆ. ಮನೆ ಮುಟ್ಟುವವರೆಗೆ ಅಂದ. ಅವನು ಹೇಳಿಕೊಂಡೇ ಹೋದ, ನಾನು ಕೇಳಿಕೊಂಡೇ ಇದ್ದೆ. ಮೂರು ಇಪ್ಪತ್ತರ ಟ್ರಿಪ್ಪಿಗೆ ಗಂಗಣ್ಣ ಹಾರ್ನ್ ಹೊಡೆಯುವವರೆಗೂ.

ಏಳುವಾಗ ಮತೀನ್ ಅಂದ: "ಸೋಮವಾರ ನಂಗೆ ವಾರದ ರಜ. ನಿಮ್ ಬಸ್ಸಲ್ಲಿ ಬತ್ತೀನಿ. ಆ ಟೈರ್ ಮೇಲಿನ ಸೀಟಲ್ಲೇ ಕೂತ್ಕಂತೀನಿ. ಕನಕಪುರ ಮುಟ್ಟೋವರ್ಗೂ ತೋಪಿನಲ್ಲಿ ಗೀಪಿನಲ್ಲಿ ನಿಲ್ಲಿಸ್ಬಾರ್ದು. ಹಂಗೆ ಹೋದ್ರೆ ನಾನು ಬೋಲ್ಟು ಒಂದೇ ಸಲ ಬಿಗೀತೀನಿ. ಒಪ್ಪಿಗೆನಾ?"

ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ?

ಆಗಸ್ಟ್ 4, ಸೋಮವಾರ

ಮತೀನ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಮದುವೆಗೆ ಹೋಗುವವನ ಹಾಗೆ ಎಡಗಡೆ, ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂತ. ಎರಡು ಸೀಟು ಹಿಂದೆ ಹಾಜಿರಾ ಸಿಸ್ಟರ್. ರಾಮನಗರದಲ್ಲಿ ಜನ ತುಂಬಿದರು, ಬಾಗಿಲಲ್ಲಿ ನೇತಾಡಿದರು. ನಾನು ಮೊದಲ ಸಲ ಸತ್ತ ದಿನವೂ ಇಷ್ಟು ಜನ ಇರಲಿಲ್ಲ.

ತೋಪಿನ ತಿರುವಿಗೆ ಸರಿಯಾಗಿ ಬಂತು. ಎರಡು ವಾರದಿಂದ ಬಂದಿರಲಿಲ್ಲ, ಬಡ್ಡಿ ಸಮೇತ ಬಂತು. ಎದೆ, ಕೈ, ಕಿವಿ, ಎಲ್ಲ ಒಟ್ಟಿಗೆ. ಸಿಸ್ಟರ್ ಕಡೆ ನೋಡಿದೆ. ನನ್ನ ಮುಖ ಅವರಿಗೆ ಕಂಡಿತು, ನನಗೆ ಗೊತ್ತು. ಅವರು ಒಮ್ಮೆ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು, ತೋಪನ್ನು ಎಂದೂ ನೋಡದವರ ಹಾಗೆ. ಮತೀನ್ ಕೆಳಗೆ ನೋಡುತ್ತಿದ್ದ, ಪಾದದಡಿಯ ತಗಡನ್ನು. ಅವನ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಹಿಡಿದಿತ್ತು.

ಸೀಟಿ ಹಲ್ಲಿನ ನಡುವೆ ಇತ್ತು. ಬಾಯಿಂದ ತೆಗೆದು ಜೇಬಿಗೆ ಹಾಕಿದೆ. ಉಸಿರನ್ನು ಉದ್ದಕ್ಕೆ ಬಿಟ್ಟೆ. "ಯಾರ್ರೀ ಟಿಕೆಟ್, ಕೇಳಿ ಪಡೀರಿ, ಕೇಳದವರು ಕೆಳಗಿಳೀರಿ" ಅಂದೆ. ದನಿ ಮೇಕೆ ಮರಿಯದಾಗಿತ್ತು. ಯಾರೋ ನಕ್ಕರು. ಕೊಡಬೇಕಾದವರಿಗೆ ಕೊಟ್ಟೆ. ಸೊಪ್ಪಿನ ಅಜ್ಜಿ ತೋಪಿನಲ್ಲಿ ಇರಲಿಲ್ಲ, ಹಿಂದಿನ ಊರಿನಲ್ಲೇ ಹತ್ತಿ ನನ್ನ ಮೇಲೆ ಮುನಿಸಿಕೊಂಡು ಕೂತಿದ್ದರು. ಅವರ ಆಧಾರ್ ಕಾರ್ಡನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ಓದಿದೆ. ತೋಪು ಮುಗಿಯಿತು. ಗಾಬರಿ ಮುಗಿದಿರಲಿಲ್ಲ, ಇನ್ನೂ ಎರಡು ಊರು ನನ್ನ ಜೊತೆಗೇ ಬಂತು. ಎಲ್ಲಿ ಇಳಿಯಿತೋ ನೋಡಲಿಲ್ಲ. ಆಗ ನಾನು ಚಿಲ್ಲರೆ ವಿಷಯಕ್ಕೆ ಒಬ್ಬ ಗೌಡರ ಜೊತೆ ವಾದ ಮಾಡುತ್ತಿದ್ದೆ.

ಕನಕಪುರ ಒಂಬತ್ತು ಹತ್ತು. ಸರಿಯಾದ ಸಮಯ. ಗಂಗಣ್ಣ ಎಂಜಿನ್ ಆರಿಸಿ, ಹಿಂದಕ್ಕೆ ತಿರುಗಿ ನನ್ನನ್ನು ನೋಡಿ, ಟೀ ಕುಡಿಯಲು ಹೋದ. ಸಿಸ್ಟರ್ ಇಳಿಯುತ್ತಾ "ನಾಳೆ ಮಂಗಳವಾರ, ಮರೀಬೇಡಿ" ಎಂದರು.

ಮತೀನ್ ಇಳಿದವನೇ ನೇರ ಹಿಂದಿನ ಚಕ್ರದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ನಾನೂ ಪಕ್ಕದಲ್ಲಿ ಕೂತೆ. ಇಪ್ಪತ್ತೇಳು ಸಲ ಇದರ ಮುಂದೆ ಕೂತಿದ್ದೇನೆ, ಟೈರನ್ನು ನೋಡಿದ್ದು ಇದೇ ಮೊದಲು. ಹೊರಗಿನ ಅಂಚು ಒಂದು ಕಡೆ ಚೆನ್ನಾಗಿ ಸವೆದಿತ್ತು.

"ಮತೀನ್, ಇದು ಸವ್ದೈತಲ್ಲೋ. ಬದಲಾಯಿಸ್ಬೇಕು."

ಮತೀನ್ ಟೈರನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಇಸ್ತ್ರಿ ಅಂಗಿಗೆ ಧೂಳಾಗುವುದನ್ನೂ ಲೆಕ್ಕಿಸದೆ ಚಕ್ರಕ್ಕೆ ಒರಗಿ ನಗಲು ಶುರುಮಾಡಿದ.

"ನಂಗೂ ಗೊತ್ತು ಅಣ್ಣ, ಹೊಸದು ಬೇಕು ಅಂತ ಬರ್ದಿದೀನಿ. ಆದ್ರೆ ನೀನು ಮಾತ್ರ ಯಾರ್ಗೂ ಹೇಳ್ಬೇಡ. ನೀನು ಹೇಳಿದ್ರೆ ಈ ಡಿಪೋನಲ್ಲಿ ಈ ಜನ್ಮಕ್ಕೆ ಟೈರ್ ಕೊಡಲ್ಲ."